ಗುಜರಿಗೆ ಹೋಗಬೇಕಿದ್ದ ಗ್ರಿಲ್

ಗುಜರಿಯವನು ಕೊಕ್ಕೆ ತಕ್ಕಡಿಗೆ ಗ್ರಿಲ್ಲನ್ನು ನೇತುಹಾಕಿ "ಮೂವತ್ತು ಕೆಜಿ" ಅಂದ. ಕೆಜಿಗೆ ಮೂವತ್ತು ರೂಪಾಯಿ, ಒಟ್ಟು 900. ಅಬ್ಬಾ ಬಾಗಿಲಲ್ಲೇ ನಿಂತು "ದೇ ದೋ" ಅಂದರು. ಗ್ರಿಲ್ಲಿನ ಕಡೆ ನೋಡಲೂ ಇಲ್ಲ. ನಾನು ಮಾತ್ರ ಯಾಕೋ "ನಾಳೆ ಬಾ ಅಣ್ಣಾ" ಅಂದುಬಿಟ್ಟೆ. ಅವನು ತಕ್ಕಡಿ ಬಿಚ್ಚಿಕೊಂಡು, "ನಾಳೆ ಇದೇ ರೇಟು ಇರಂಗಿಲ್ಲ ನೋಡು ತಮ್ಮಾ" ಅಂತ ಹೇಳಿ ಹೋದ. ಇದು ಕಳೆದ ದಸರಾ ರಜೆಯ ಮಾತು. ಮಾರನೇ ದಿನವೂ ಅವನು ಬಂದ. ಅಷ್ಟರಲ್ಲಿ ನಾನು ಗ್ರಿಲ್ಲಿನ ಅರ್ಧ ಬಿಚ್ಚಿಟ್ಟಿದ್ದೆ.

ಕರೂರಿನಲ್ಲಿ ನಮ್ಮ ಮನೆ ಇರುವ ಓಣಿಯವರಿಗೆಲ್ಲ ಆ ಗ್ರಿಲ್ ಗೊತ್ತು. ಮೂರಡಿ ಉದ್ದದ ಸ್ಟೀಲ್ ಪೆಟ್ಟಿಗೆ, ಒಳಗೆ ಮೂರು ಪೈಪ್ ಬರ್ನರ್, ಅದರ ಮೇಲೆ ಕೊಬ್ಬು ನೇರವಾಗಿ ಬೆಂಕಿಗೆ ಬೀಳದಿರಲಿ ಅಂತ ಮನೆಯ ಮಾಳಿಗೆಯ ಹಾಗೆ ಬಾಗಿಸಿದ ತಗಡು, ಅದರ ಮೇಲೆ ಕಂಬಿ ಜಾಳಿಗೆ. ನಮ್ಮ ಕಡೆ ಕಬಾಬ್ ಅಂದರೆ ಎಣ್ಣೆಯಲ್ಲಿ ಕರಿದ ಕೆಂಪು ಕೋಳಿ. ಅಬ್ಬಾ ಮಾರುತ್ತಿದ್ದದ್ದು ಸುಟ್ಟ ಕೋಳಿ. ಮೊದಲು ಇದ್ದಿಲ ಸಿಗ್ಡಿ ಇತ್ತು. 2019ರ ಆಗಸ್ಟಿನಲ್ಲಿ ಬಳ್ಳಾರಿಯಲ್ಲಿ ಒಂದು ಹೋಟೆಲ್ ಮುಚ್ಚುತ್ತಿದೆ, ಸಾಮಾನು ಮಾರುತ್ತಿದ್ದಾರೆ ಅಂತ ಕೌಲ್ ಬಜಾರಿನ ನಮ್ಮ ಖಾಲೂ ಫೋನ್ ಮಾಡಿದರು. ಅಬ್ಬಾ 6,500 ಕೊಟ್ಟು ಇದನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದರು. ಆಗ ನಾನು ಆರನೇ ಕ್ಲಾಸು. ಗ್ರಿಲ್ ಇಳಿಸುವಾಗ ಓಣಿಯ ಹುಡುಗರೆಲ್ಲ ಸುತ್ತ ನಿಂತಿದ್ದರು. ಅಬ್ಬಾ ಒಂದು ನಾಬ್ ತಿರುಗಿಸಿ, ಕಡ್ಡಿ ಗೀರಿ, ನೀಲಿ ಉರಿ ತೋರಿಸಿದಾಗ ನನಗೆ ಆದ ಹೆಮ್ಮೆ ಈಗ ಬರೆಯಲು ನಾಚಿಕೆಯಾಗುವಷ್ಟಿತ್ತು.

ಆಮೇಲೆ ಲಾಕ್‌ಡೌನ್ ಬಂತು, ಹೋಯಿತು. ಗಾಡಿ ಮತ್ತೆ ನಿಂತಿತು. ಅದನ್ನೆಲ್ಲ ಬಿಡಿ, ಎಲ್ಲರ ಮನೆಯ ಕಥೆಯೂ ಅದೇ.

2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಎರಡು ತಿಂಗಳು ಶ್ರಾವಣ. ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಶ್ರಾವಣದಲ್ಲಿ ಮಾಂಸ ಮುಟ್ಟದವರು. ನಿಜ ಶ್ರಾವಣ ಯಾವುದು, ಅಧಿಕ ಯಾವುದು ಅಂತ ಲೆಕ್ಕ ಹಾಕಿ ತಿನ್ನುವವರೂ ಇದ್ದರು, ಆದರೆ ಅಷ್ಟರಿಂದ ಗಾಡಿ ನಡೆಯುವುದಿಲ್ಲ. ಅಬ್ಬಾ ಗ್ರಿಲ್ಲಿಗೆ ತಾಡಪತ್ರಿ ಕಟ್ಟಿ ಅಕ್ಕಿ ಗೋದಾಮಿಗೆ ಹಮಾಲಿ ಕೆಲಸಕ್ಕೆ ಹೋದರು. ಗಣೇಶ ಹಬ್ಬ ಮುಗಿದ ವಾರ ತಾಡಪತ್ರಿ ಬಿಚ್ಚಿ ಗ್ರಿಲ್ ಹಚ್ಚಿದರು. ಬೆಂಕಿ ಜಾಳಿಗೆಯ ಮೇಲೆ ಬರಲಿಲ್ಲ, ನಾಬ್ ಇರುವ ಕಡೆಯಿಂದ ಮುಂದಕ್ಕೆ ಬಂತು. ರಬ್ಬರ್ ಪೈಪಿಗೆ ಹತ್ತಿತು. ಪಕ್ಕದ ಅಂಗಡಿಯವರು ಒದ್ದೆ ಗೋಣಿಚೀಲ ಎಸೆದು, ಸಿಲಿಂಡರ್ ಬಂದ್ ಮಾಡಿದ್ದರಿಂದ ಅಷ್ಟಕ್ಕೇ ನಿಂತಿತು. ಅಬ್ಬಾ ಬಳ್ಳಾರಿ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರು. ಬಲಗೈಯ ಕೊನೆಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಊರಲ್ಲಿ ಮಾತು ಹೇಗೆ ಬೆಳೆಯುತ್ತದೆ ನಿಮಗೆ ಗೊತ್ತು. "ನಾಬ್ ಚಾಲೂ ಬಿಟ್ಟು ಕಡ್ಡಿ ಹುಡುಕಾಕ ಹೋಗ್ಯಾನ" ಅಂದರು. "ಬೀಡಿ ಸೇದ್ತಾ ಹಚ್ಚಿದ್ದಾನೆ" ಅಂದರು. ಅಬ್ಬಾ ಬೀಡಿ ಸೇದುವುದೇ ಇಲ್ಲ. ಅವರು ಒಂದೇ ಮಾತು ಹೇಳುತ್ತಿದ್ದರು: "ಮೈನೆ ಬಂದ್ ಕರ್ಕೇ ದೇಖಾ ಥಾ." ಬಂದ್ ಮಾಡಿ ನೋಡಿಯೇ ಹಚ್ಚಿದ್ದೆ ಅಂತ. ಮೊದಲ ತಿಂಗಳು ಬಂದವರಿಗೆಲ್ಲ ಹೇಳಿದರು. ಆಮೇಲೆ ಹೇಳುವುದನ್ನೇ ಬಿಟ್ಟರು. ನನಗೆ ಅವರು ಹೇಳುತ್ತಿದ್ದಾಗಿಗಿಂತ ಹೇಳುವುದು ಬಿಟ್ಟ ಮೇಲೆ ಹೆಚ್ಚು ಕಷ್ಟವಾಯಿತು. ಯಾಕೆಂದರೆ ನಿಜ ಹೇಳಬೇಕೆಂದರೆ, ನಾನೂ ಪೂರ್ತಿ ನಂಬಿರಲಿಲ್ಲ.

ಕಾಮರ್ಸ್ ಓದುವವರಿಗೆ ಇದರಲ್ಲಿ ಏನಿದೆ ಅಂತ ಕೇಳಬಹುದು. ಫಸ್ಟ್ ಪಿಯುಸಿಯಲ್ಲಿ ನಮ್ಮ ಲೆಕ್ಕಶಾಸ್ತ್ರದ ಸರ್ ಸವಕಳಿ ಪಾಠ ಮಾಡುವಾಗ, "ನಿಮ್ಮ ಮನೆಯ ಒಂದು ವಸ್ತು ತಗೊಂಡು ಲೆಕ್ಕ ಮಾಡಿ ತನ್ನಿ" ಅಂದಿದ್ದರು. ಉಳಿದವರು ಬೈಕು, ಫ್ರಿಜ್ಜು, ಹೊಲಿಗೆ ಮಷಿನ್ನು ತಂದರು. ನಾನೂ ಹೊಲಿಗೆ ಮಷಿನ್ನನ್ನೇ ಬರೆದಿದ್ದೆ. ಗುಜರಿಯವನು 900 ಅಂದ ರಾತ್ರಿ ಮಾತ್ರ ಗ್ರಿಲ್ಲಿನ ಲೆಕ್ಕ ಹಾಕಿ ನೋಡಿದೆ. ಕೊಂಡ ಬೆಲೆ 6,500, ಗುಜರಿ ಬೆಲೆ 900, ಆಯಸ್ಸು ಏಳು ವರ್ಷ ಅಂತ ಇಟ್ಟುಕೊಂಡರೆ ವರ್ಷಕ್ಕೆ 800 ಸವಕಳಿ. ಆರು ವರ್ಷಕ್ಕೆ 4,800. ಉಳಿದದ್ದು 1,700. ಅಂದರೆ ಪುಸ್ತಕದಲ್ಲಿ 1,700ರ ವಸ್ತುವನ್ನು ನಾವು 900ಕ್ಕೆ ಕೊಡುತ್ತಿದ್ದೆವು. ಹೊಸದಾಗಿ ಅಷ್ಟೇ ದೊಡ್ಡದನ್ನು ಮಾಡಿಸಲು ವಿಚಾರಿಸಿದರೆ ಹದಿನೈದು ಸಾವಿರಕ್ಕೆ ಕಡಿಮೆ ಯಾರೂ ಹೇಳಲಿಲ್ಲ.

ದಾದಿಗೆ ಸವಕಳಿ ಅಂದರೆ ಏನು ಅಂತ ವಿವರಿಸಿದೆ. "ಘಿಸ್‌ನಾ ಬೋಲ್ ನಾ ರೇ, ಇತ್ತಾ ಲಂಬಾ ಕಾಯ್ಕು?" ಅಂದರು. ಸವೆಯುವುದು, ಘಿಸ್‌ನಾ, ಎರಡೂ ಒಂದೇ. ಅದಕ್ಕೆ ನಾವು ಮೂರು ಪುಟದ ಸೂತ್ರ ಕಲಿಯುತ್ತೇವೆ.

ನಮ್ಮ ಭಾಗದವರಿಗೆ ಅದನ್ನು ಪುಸ್ತಕ ಹೇಳಿಕೊಡಬೇಕಾಗಿಯೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಸಿರುಗುಪ್ಪ ತಾಲ್ಲೂಕಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಭತ್ತದ ನಾಟಿ ಆಗಿದ್ದ ಹೊತ್ತು. ಸುಮಾರು ಎಪ್ಪತ್ತು ವರ್ಷದ ಗೇಟು. ಹೊಸ ಗೇಟು ಬರುವವರೆಗೆ ಕಾಯುವಂತಿರಲಿಲ್ಲ, ಕಾದರೆ ಜಲಾಶಯವೇ ಖಾಲಿ. ಕನ್ನಯ್ಯ ನಾಯ್ಡು ಅವರ ಉಸ್ತುವಾರಿಯಲ್ಲಿ ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಆಗ ಅಬ್ಬಾ ದಿನವಿಡೀ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದರು. "ಒಂದು ಕೊಂಡಿ. ಇಡೀ ಗೇಟು ಚೆನ್ನಾಗಿತ್ತು, ಒಂದು ಕೊಂಡಿ ಹೋಯ್ತು" ಅಂತ ಎರಡು ಮೂರು ಸಲ ಹೇಳಿದ್ದು ನನಗೆ ನೆನಪಿದೆ.

ನನ್ನ ಹತ್ತಿರ ಈದಿಯ ದುಡ್ಡು 1,200 ಇತ್ತು. ಆಪಾ 800 ಸೇರಿಸಿದಳು, ಅಮ್ಮಿಗೆ ಹೇಳಬೇಡ ಅಂತ. ಒಟ್ಟು ಎರಡು ಸಾವಿರ. ಅಷ್ಟರಲ್ಲೇ ಆಗಬೇಕು, ಆಗದಿದ್ದರೆ ಗುಜರಿಗೆ ಅಂತ ತೀರ್ಮಾನ ಮಾಡಿಕೊಂಡೆ.

ಬಿಚ್ಚುವುದೇ ದೊಡ್ಡ ಕೆಲಸ. ತುಕ್ಕು ಹಿಡಿದ ಬೋಲ್ಟುಗಳಿಗೆ ರಾತ್ರಿ ಸೀಮೆಎಣ್ಣೆ ಸಿಗದೆ ಡೀಸೆಲ್ ಹಾಕಿ ಬಿಟ್ಟೆ. ಬೆಳಿಗ್ಗೆ ಏಳರಲ್ಲಿ ಐದು ಸಡಿಲವಾದವು. ಎರಡನ್ನು ವೆಲ್ಡಿಂಗ್ ಅಂಗಡಿಯ ಅಣ್ಣ ಬಂದು ಕಡಿದರು. ಮೇಲಿನ ಜಾಳಿಗೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಬಾಗಿದ ತಗಡುಗಳು ಪರವಾಗಿಲ್ಲ. ಬರ್ನರ್ ಪೈಪುಗಳನ್ನು ಒಂದೊಂದಾಗಿ ಎಳೆದು, ಒಂದು ತುದಿಗೆ ಕಣ್ಣಿಟ್ಟು ಬೆಳಕಿನ ಕಡೆ ಹಿಡಿದು ನೋಡಿದೆ. ಮೊದಲನೆಯದರಲ್ಲಿ ಬೆಳಕು ಕಂಡಿತು. ಎರಡನೆಯದರಲ್ಲಿ ಕಾಣಲಿಲ್ಲ. ಮೂರನೆಯದರಲ್ಲೂ ಕಾಣಲಿಲ್ಲ.

ಸೈಕಲ್ಲಿನ ಅರ ಬಾಗಿಸಿ ಒಳಗೆ ತಿವಿದೆ. ಮೂರನೆಯದರಿಂದ ಮಣ್ಣು ಪುಡಿಪುಡಿಯಾಗಿ ಉದುರಿತು. ಕುಂಬಾರ ಹುಳದ ಗೂಡು. ಕಿಟಕಿಯ ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ತೂತಿನಲ್ಲಿ ಮಣ್ಣು ತಂದು ಮೆತ್ತುತ್ತದಲ್ಲ, ಅದೇ. ಅದಕ್ಕೆ ಬೆರಳು ಗಾತ್ರದ ಕೊಳವೆ ಸಿಕ್ಕರೆ ಅರಮನೆ ಸಿಕ್ಕಂತೆ. ಎರಡನೆಯ ಪೈಪಿನದು ಮಾತ್ರ ಉದುರಲಿಲ್ಲ. ಅರ ಬಡಿದರೆ ಕಲ್ಲಿಗೆ ಬಡಿದ ಸದ್ದು. ಸುತ್ತಿಗೆಯಿಂದ ತಟ್ಟಿ ತಟ್ಟಿ ಕೊನೆಗೆ ಒಂದು ಉಂಡೆ ಬಿತ್ತು. ಹೆಬ್ಬೆರಳಿನಷ್ಟು ಉದ್ದ. ಒಂದು ಕಡೆ ಕಪ್ಪು ಮಸಿ, ಒಡೆದರೆ ಒಳಗೆ ಕೆಂಪು. ಇಟ್ಟಿಗೆಯ ಹಾಗೆ.

ನಾನು ಅದನ್ನು ಹಿಡಿದುಕೊಂಡು ಅಂಗಳದಲ್ಲಿ ಸುಮಾರು ಹೊತ್ತು ಕೂತಿದ್ದೆ. ವೆಲ್ಡಿಂಗ್ ಅಣ್ಣ ನೋಡಿ ಕೇಳಿದರು, "ಯಾಕಪಾ, ಬಂಗಾರ ಸಿಕ್ತೇನು?" ನಾನು ಎರಡೂ ಮಣ್ಣನ್ನು ಅವರ ಕೈಗೆ ಕೊಟ್ಟೆ. ಅವರು ಒಂದನ್ನು ಬೆರಳಲ್ಲಿ ಹಿಸುಕಿದರು, ಪುಡಿಯಾಯಿತು. ಇನ್ನೊಂದನ್ನು ಹಿಸುಕಿದರು, ಆಗಲಿಲ್ಲ. "ಇದು ಸುಟ್ಟದ್ದು. ಬೆಂಕಿ ಹತ್ತೋಕೆ ಮುಂಚೆನೇ ಒಳಗಿತ್ತು" ಅಂದರು.

ಇದನ್ನು ಸರಿಯಾಗಿ ತಿಳಿದುಕೊಳ್ಳಲು ನಾನು ಬಳ್ಳಾರಿಗೆ ಹೋದೆ. ಹೇಗೂ ಸಾಮಾನು ತರಬೇಕಿತ್ತು. ಅಲ್ಲಿ ಬೆಂಗಳೂರು ರಸ್ತೆಯ ಕಡೆ ಗ್ಯಾಸ್ ಸ್ಟೌ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುತ್ತಾರೆ, ನಾನು ಸಲಾಂ ಹೇಳಿದರೆ ಉರ್ದುವಿಗೆ ಬಂದರು. ಅವರು ಒಂದು ಹಳೇ ಬರ್ನರ್ ತೆಗೆದು ತೋರಿಸಿದರು. ನಾಬ್ ತಿರುಗಿಸಿದಾಗ ಗ್ಯಾಸು ಜೆಟ್ ಎನ್ನುವ ಹಿತ್ತಾಳೆಯ ಚಿಕ್ಕ ತೂತಿನಿಂದ ಜೋರಾಗಿ ನುಗ್ಗುತ್ತದೆ. ನುಗ್ಗುವಾಗ ಪಕ್ಕದ ಕಿಂಡಿಯಿಂದ ಗಾಳಿಯನ್ನು ತನ್ನ ಜೊತೆ ಎಳೆದುಕೊಳ್ಳುತ್ತದೆ. ಎರಡೂ ಪೈಪಿನಲ್ಲಿ ಬೆರೆತು ಮೇಲಿನ ತೂತುಗಳಲ್ಲಿ ಬಂದು ಉರಿಯುತ್ತದೆ. ಗಾಳಿ ಸರಿಯಾಗಿ ಬೆರೆತರೆ ನೀಲಿ ಉರಿ, ಕಡಿಮೆಯಾದರೆ ಹಳದಿ ಉರಿ ಮತ್ತು ಮಸಿ. ಪೈಪು ಒಳಗೆ ಕಟ್ಟಿಕೊಂಡಿದ್ದರೆ? ಗ್ಯಾಸಿಗೆ ಮುಂದೆ ದಾರಿಯಿಲ್ಲ. ಗಾಳಿ ಬರಬೇಕಾದ ಅದೇ ಕಿಂಡಿಯಿಂದ ಹೊರಗೆ ಬರುತ್ತದೆ, ನಾಬಿನ ಹಿಂದೆಯೇ. ಕಡ್ಡಿ ಗೀರಿದಾಗ ಅಲ್ಲೇ ಹತ್ತುತ್ತದೆ. "ನಾಬ್ ಸರಿಯಾಗಿ ಬಂದ್ ಮಾಡಿ, ಸರಿಯಾಗಿ ತಿರುಗಿಸಿ ಹಚ್ಚಿದವನಿಗೂ ಹೀಗಾಗುತ್ತೆ" ಅಂದರು.

ನಾನು ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ಅವರು ನನ್ನ ಚೀಲದಲ್ಲಿದ್ದ ಇನ್ನೊಂದು ವಸ್ತುವನ್ನು ಎತ್ತಿಕೊಂಡರು. ಹಳೇ ರಬ್ಬರ್ ಪೈಪಿನ ಉಳಿದ ತುಂಡು, ಅಳತೆಗೆ ಅಂತ ತಂದಿದ್ದೆ. ಅದರ ಮೇಲೆ ಅಚ್ಚಾಗಿದ್ದ ವರ್ಷವನ್ನು ಕನ್ನಡಕ ಏರಿಸಿ ಓದಿದರು: 2016. ಹೋಟೆಲಿನಿಂದ ಗ್ರಿಲ್ಲಿನ ಜೊತೆಗೇ ಬಂದ ಪೈಪು. ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಬೆಂಕಿ ಬಿದ್ದಾಗ ಅದಕ್ಕೆ ಏಳು ವರ್ಷ. ಬಾಗಿಸಿದರೆ ಬಿರುಕು ಕಾಣುತ್ತಿತ್ತು. "ಹುಳದ್ದು ಇರಬಹುದು. ಈ ಪೈಪಿನದೂ ಇರಬಹುದು. ಎರಡೂ ಸೇರಿರಬಹುದು. ನಾನು ಅಲ್ಲಿರಲಿಲ್ಲವಲ್ಲ ಬೇಟಾ" ಅಂದರು.

ಬಸ್ಸಿನಲ್ಲಿ ಬರುವಾಗ ಆ ತುಂಡನ್ನು ಕಿಟಕಿಯಿಂದ ಎಸೆದುಬಿಡಬೇಕು ಅನ್ನಿಸಿತು. ಎಸೆಯಲಿಲ್ಲ.

ಆ ದಿನ ತಂದದ್ದು: ಒಳಗೆ ಉಕ್ಕಿನ ತಂತಿ ಇರುವ ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಪೈಪು 190, ಹೊಸ ರೆಗ್ಯುಲೇಟರ್ 350, ಎರಡು ನಾಬ್ 80. ಮೂರು ವಾಲ್ವ್ ಬಿಚ್ಚಿ ತೊಳೆದು ಗ್ರೀಸ್ ಹಚ್ಚಿದ್ದಕ್ಕೆ 120 ತೆಗೆದುಕೊಂಡರು, ಜೆಟ್ಟುಗಳನ್ನು ಪುಕ್ಕಟೆ ಊದಿ ಕೊಟ್ಟರು. ಜೆಟ್ಟಿಗೆ ಸೂಜಿ ಹಾಕಬೇಡ ಅಂತ ಎರಡು ಸಲ ಹೇಳಿದರು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸು ಹೆಚ್ಚು ಬರುತ್ತದೆ, ಉರಿ ಹಳದಿಯಾಗುತ್ತದೆ. ಇದನ್ನು ಮನೆಯ ಸ್ಟೌವಿಗೆ ಸೂಜಿ ಹಾಕುವ ಎಲ್ಲರಿಗೂ ಹೇಳುತ್ತಿದ್ದೇನೆ, ನಮ್ಮ ಅಮ್ಮಿಯೂ ಸೇರಿ. ಬಸ್ ಚಾರ್ಜು ಮತ್ತು ಒಂದು ಚಹಾ 140. ರಜೆಯಲ್ಲಿ ಪಾಸ್ ನಡೆಯುವುದಿಲ್ಲ ಅಂತ ಕಂಡಕ್ಟರ್ ಅಂದರು.

ಜಾಳಿಗೆಗೆ ವೆಲ್ಡಿಂಗ್ ಅಣ್ಣನ ಹತ್ತಿರ ಹೋದೆ. ನಾನು ಮೂಲೆಯಲ್ಲಿ ಬಿದ್ದಿದ್ದ ಜಿಐ ತಂತಿ ತೋರಿಸಿ, ಇದರಲ್ಲೇ ಮಾಡಿಕೊಡಿ, ಹೊಳೀತದೆ, ಅಗ್ಗವೂ ಆಗುತ್ತೆ ಅಂದೆ. ಅವರು ಆಗಲ್ಲ ಅಂದರು. ಅದರ ಮೇಲಿರುವುದು ಸತುವಿನ ಲೇಪ, ಕಾದರೆ ಹೊಗೆ ಬರುತ್ತದೆ, ಅದನ್ನು ಕುಡಿದರೆ ನಮಗೇ ಜ್ವರ ಬರುತ್ತೆ, ಅದರ ಮೇಲೆ ತಿನ್ನುವ ವಸ್ತು ಇಡ್ತೀಯಾ ಅಂತ ಬೈದರು. ಸಾದಾ ಕಬ್ಬಿಣದ ಎಂಟು ಎಂಎಂ ಸರಳಿನಲ್ಲಿ ಮಾಡಿಕೊಟ್ಟು 400 ತೆಗೆದುಕೊಂಡರು. ಎರಡನೆಯ ಬರ್ನರ್ ಪೈಪು ಒಂದು ಕಡೆ ಸುಟ್ಟು ಬಾಯಿ ಬಿಟ್ಟಿತ್ತು, ಅದನ್ನು ಕತ್ತರಿಸಿ ಬೇರೆ ತುಂಡು ಬೆಸೆದದ್ದಕ್ಕೆ 150. ತಂತಿ ಬ್ರಷ್ 50. ಹೊರಗಿನ ಮೈಗೆ ಮಾತ್ರ ಶಾಖ ತಡೆಯುವ ಬೆಳ್ಳಿ ಬಣ್ಣ 180. ಒಳಗಡೆ ಬಣ್ಣ ಹಚ್ಚಬಾರದು.

ತೊಳೆಯಲು ಒಂದು ಪೈಸೆ ಖರ್ಚಾಗಲಿಲ್ಲ, ಅದು ದಾದಿಯ ಪುಣ್ಯ. ನಾನು ಅಂಗಡಿಯ ಪುಡಿ ತರಲು ಹೊರಟಿದ್ದೆ. ದಾದಿ ನನ್ನನ್ನು ರೈಸ್ ಮಿಲ್ಲಿಗೆ ಓಡಿಸಿ ಒಂದು ಬಕೆಟ್ ಹೊಟ್ಟಿನ ಬೂದಿ ತರಿಸಿದರು. ನಮ್ಮ ತಾಲ್ಲೂಕಿನಲ್ಲಿ ಭತ್ತದ ಹೊಟ್ಟಿಗೆ, ಹೊಟ್ಟಿನ ಬೂದಿಗೆ ಬರವಿಲ್ಲ. ಆ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅಂದರೆ ಮರಳಿನದೇ ಜಾತಿ. ಅದಕ್ಕೇ ಅಷ್ಟು ಚೆನ್ನಾಗಿ ಉಜ್ಜುತ್ತದೆ. ಹುಣಸೆಹಣ್ಣಿನ ನೀರು, ಬೂದಿ, ತೆಂಗಿನ ನಾರು. ಎರಡು ದಿನ ನಾನು ಮತ್ತು ಆಪಾ ಉಜ್ಜಿದೆವು. ಮೂರು ವರ್ಷದ ಕೊಬ್ಬು, ಎರಡು ವರ್ಷದ ತುಕ್ಕು. ಎರಡನೇ ದಿನ ಸಂಜೆ ತಗಡಿನ ಒಂದು ಮೂಲೆಯಲ್ಲಿ ನನ್ನ ಮುಖ ಕಂಡಿತು, ಅಲ್ಲಲ್ಲಿ ಸೊಟ್ಟಗೆ.

ಇಷ್ಟೆಲ್ಲ ಆಗುವಾಗ ಅಬ್ಬಾ ಏನೂ ಹೇಳಲಿಲ್ಲ. ಬೆಳಿಗ್ಗೆ ಗೋದಾಮಿಗೆ ಹೋಗುವಾಗ ಅಂಗಳದ ಆ ಕಡೆಯಿಂದ ಸುತ್ತಿ ಹೋಗುತ್ತಿದ್ದರು. ಸುಟ್ಟ ಮಣ್ಣುಂಡೆಯನ್ನು ಅವರ ಚಹಾ ಲೋಟದ ಪಕ್ಕ ಇಟ್ಟು, ಸ್ಟೌ ಉಸ್ತಾದ್ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಳಿಸಿದರು. ಅದರಲ್ಲಿ ಇನ್ನೂ ಹುಳ ಹೊರಬಂದ ಗುಂಡನೆಯ ತೂತು ಕಾಣುತ್ತಿತ್ತು. ಅಮ್ಮಿಯನ್ನು ಕರೆದು ತೋರಿಸಿದರು. ದಾದಿಗೆ ತೋರಿಸಿದರು. ಆಮೇಲೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದಾಗ ಅಂಗಿಯ ಜೇಬು ಉಬ್ಬಿತ್ತು. ಯಾರ ಯಾರಿಗೆ ತೋರಿಸಿ ಬಂದರೋ ನಾನು ಕೇಳಲಿಲ್ಲ.

ಪೈಪಿನ ತುಂಡಿನ ಮಾತನ್ನು ನಾನು ಆವತ್ತು ಹೇಳಲಿಲ್ಲ. ಎರಡು ದಿನ ಹೇಳಲಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಹೊಸ ಪೈಪು 190 ಅಂತ ಬರೆದು, ಪಕ್ಕದಲ್ಲಿ "ಹಳೆಯದು 2016" ಅಂತ ಬರೆದಿದ್ದೆ. ಇಷ್ಟು ವರ್ಷದ ಮೇಲೆ ಅವರಿಗೆ ಸಿಕ್ಕ ಒಂದು ಮಾತನ್ನು ನಾನೇ ಕಿತ್ತುಕೊಂಡಂತೆ ಆಗುತ್ತದೆ ಅನ್ನಿಸುತ್ತಿತ್ತು. ಆದರೆ ಮತ್ತೆ ಗ್ರಿಲ್ಲಿನ ಮುಂದೆ ನಿಲ್ಲುವವರು ಅವರೇ. ಹುಳದ ಮೇಲೆ ಮಾತ್ರ ತಪ್ಪು ಹೊರಿಸಿದರೆ 2030ರಲ್ಲಿ ಪೈಪು ಬದಲಿಸುವವರು ಯಾರು? ಮೂರನೇ ರಾತ್ರಿ ಊಟವಾದ ಮೇಲೆ ಆ ತುಂಡನ್ನು ತಂದು ಮುಂದೆ ಇಟ್ಟೆ.

ಅಬ್ಬಾ ಮುಟ್ಟಲಿಲ್ಲ. "ಮಾಲೂಮ್ ಹೈ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬಿರುಕು ನೋಡಿದ್ದೆ. ಶ್ರಾವಣ ಮುಗಿದು ಮೊದಲ ವಾರದ ದುಡ್ಡು ಬಂದ ಮೇಲೆ ಹಾಕೋಣ ಅಂತ ಇದ್ದೆ" ಅಂದರು.

190 ರೂಪಾಯಿ. ನಾನು ಬಳ್ಳಾರಿಯಲ್ಲಿ ಅದನ್ನು ಎಣಿಸಿ ಕೊಡುವಾಗ ಹೆಚ್ಚಾಯಿತು ಅಂತ ಚೌಕಾಸಿ ಮಾಡಿದ್ದೆ.

ಒಟ್ಟು ಖರ್ಚು 1,660 ಆಯಿತು. 340 ಉಳಿಯಿತು ಅಂತ ಹೆಮ್ಮೆಯಿಂದ ಆಪಾಗೆ ಲೆಕ್ಕ ತೋರಿಸಿದೆ. ಅವಳು ಪೂರ್ತಿ ಓದಿ, "ಗ್ಯಾಸು?" ಅಂದಳು. ಕಾಮರ್ಸ್ ವಿದ್ಯಾರ್ಥಿಯ ಬಜೆಟ್ಟಿನಲ್ಲಿ ಗ್ಯಾಸೇ ಇರಲಿಲ್ಲ. ಯಾಕೆ ಇರಲಿಲ್ಲ ಅಂದರೆ, ಮೊದಲು ಅಬ್ಬಾ ಮನೆಯ ಸಿಲಿಂಡರನ್ನೇ ಗಾಡಿಗೆ ಹಾಕುತ್ತಿದ್ದರು, ನನ್ನ ತಲೆಯಲ್ಲಿ ಅದೇ ಕೂತಿತ್ತು. ಅದು ತಪ್ಪು. 14.2 ಕೆಜಿಯ ಸಿಲಿಂಡರ್ ಮನೆ ಬಳಕೆಗೆ ಮಾತ್ರ, ವ್ಯಾಪಾರಕ್ಕೆ 19 ಕೆಜಿಯದು ಬೇರೆ ಇದೆ. 19 ಕೆಜಿಯ ಕನೆಕ್ಷನ್ ನಮ್ಮ ಕೈಗೆ ಎಟುಕುವುದಲ್ಲ. ಆದರೆ ಗುರುತಿನ ಚೀಟಿ ತೋರಿಸಿದರೆ ಕೊಡುವ 5 ಕೆಜಿಯ ಸಿಲಿಂಡರ್ ಇದೆ. ಚಿಕ್ಕ ಗಾಡಿಯವರಿಗೆ ಅದು ಸಾಕು. ಆಗ ಸಿಲಿಂಡರ್, ಗ್ಯಾಸು ಸೇರಿ ಸಾವಿರದೈನೂರರ ಆಸುಪಾಸು ಆಗುತ್ತಿತ್ತು. ನನ್ನ ಹತ್ತಿರ 340.

ಆ ದುಡ್ಡು ಇದ್ದದ್ದು ಅಮ್ಮಿಯ ಹತ್ತಿರ ಮಾತ್ರ, ಹೊಲಿಗೆಯ ದುಡ್ಡು. ಅಮ್ಮಿ ಮೊದಲ ದಿನದಿಂದ ಈ ಕೆಲಸಕ್ಕೆ ವಿರುದ್ಧ. ಜಗಳ ಮಾಡಲಿಲ್ಲ, ಆದರೆ ಗ್ರಿಲ್ ಇರುವ ಕಡೆ ಬಟ್ಟೆ ಒಣಹಾಕುವುದನ್ನೂ ನಿಲ್ಲಿಸಿದ್ದರು. ಹದಿನೆಂಟು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದು ಅವರು, ನಾನಲ್ಲ. ಲೆಕ್ಕಶಾಸ್ತ್ರದಲ್ಲಿ ಹಣದಲ್ಲಿ ಅಳೆಯಲಾಗದ್ದನ್ನು ಪುಸ್ತಕಕ್ಕೆ ಸೇರಿಸುವುದಿಲ್ಲ ಅಂತ ಒಂದು ನಿಯಮವಿದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುತ್ತೇವೆ. ಅಮ್ಮಿ ಕೇಳಿದ್ದು ಇಷ್ಟೇ: "ಸೋರಲ್ಲ ಅಂತ ನಂಗೆ ಹೇಗೆ ಗೊತ್ತಾಗಬೇಕು?"

ಪಕ್ಕದ ಮನೆಯವರ ಸಿಲಿಂಡರ್ ಒಂದು ಗಂಟೆಗೆ ತಂದು, ಅಂಗಳದಲ್ಲಿ ಬಯಲಿಗೆ ನಿಲ್ಲಿಸಿದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ, ತಗ್ಗಿನಲ್ಲಿ ಕೂರುತ್ತದೆ. ಅದಕ್ಕೇ ಒಳಗೆ ಮಾಡಬಾರದು. ಅದಕ್ಕೆ ತನ್ನದೇ ವಾಸನೆಯೂ ಇಲ್ಲ, ಸೋರಿದ್ದು ಗೊತ್ತಾಗಲಿ ಅಂತ ಮರ್‌ಕ್ಯಾಪ್ಟನ್ ಎನ್ನುವ ವಾಸನೆಯ ವಸ್ತು ಬೆರೆಸಿರುತ್ತಾರೆ. ಬರ್ನರ್ ನಾಬ್ ಮೂರೂ ಬಂದ್, ರೆಗ್ಯುಲೇಟರ್ ಮಾತ್ರ ಚಾಲೂ. ಕಡ್ಡಿ, ಮೊಬೈಲು ಎಲ್ಲ ಒಳಗೆ. ಒಂದು ಬಟ್ಟಲಲ್ಲಿ ಸೋಪಿನ ನೀರು ಕಲಸಿ, ಹಳೇ ಬ್ರಷ್ ಜೊತೆ ಅಮ್ಮಿಯ ಕೈಗೆ ಕೊಟ್ಟೆ. "ನೀವೇ ಹಚ್ಚಿ. ಗುಳ್ಳೆ ಬಂದರೆ ಸೋರುತ್ತಿದೆ ಅಂತ ಅರ್ಥ."

ಅಮ್ಮಿ ರೆಗ್ಯುಲೇಟರಿನಿಂದ ಶುರು ಮಾಡಿದರು. ಮೆಹಂದಿ ಹಚ್ಚುವವರ ಹಾಗೆ ಅವಸರವಿಲ್ಲದೆ, ಒಂದು ಬೆರಳಗಲವೂ ಬಿಡದೆ. ಪೈಪು, ಕ್ಲಿಪ್ಪು, ಕೊಳವೆ. ಮೊದಲ ವಾಲ್ವ್, ಏನಿಲ್ಲ. ಎರಡನೆಯದು, ಏನಿಲ್ಲ. ಮೂರನೆಯ ವಾಲ್ವಿನ ಕತ್ತಿನ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು.

ನನ್ನ ಎದೆ ಕುಸಿಯಿತು. ಅಮ್ಮಿ ತಲೆ ಎತ್ತಿ ನನ್ನನ್ನು ನೋಡಿದರು. ಕೋಪ ಇರಲಿಲ್ಲ. "ದೇಖ್" ಅಂದರು, "ದಿಖ್‌ತಾ ಹೈ." ಕಾಣಿಸುತ್ತೆ ನೋಡು ಅಂತ. ನಾನು ರೆಗ್ಯುಲೇಟರ್ ಬಂದ್ ಮಾಡಿ, ಅದರ ನಟ್ಟನ್ನು ಪಾನದಿಂದ ಅರ್ಧ ಸುತ್ತು ಬಿಗಿ ಮಾಡಿದೆ. ಮತ್ತೆ ಹಚ್ಚಿದರು. ಗುಳ್ಳೆ ಇಲ್ಲ. ಇನ್ನೊಂದು ಸಲ ಹಚ್ಚಿದರು. ಐದು ನಿಮಿಷ ಸೀರೆಯ ಸೆರಗು ಮೂಗಿಗೆ ಒತ್ತಿಕೊಳ್ಳದೆ ಅಲ್ಲೇ ಕೂತಿದ್ದರು, ವಾಸನೆ ನೋಡುತ್ತ. ಮರುದಿನ ಬೆಳಿಗ್ಗೆ ನನ್ನ ಅಕೌಂಟೆನ್ಸಿ ಪುಸ್ತಕದೊಳಗೆ ಮೂರು ಐನೂರರ ನೋಟು ಇದ್ದವು. ಮತ್ತು ಒಂದು ಚೀಟಿಯಲ್ಲಿ ಅವರ ಉರ್ದು ಅಕ್ಷರದಲ್ಲಿ 1906 ಅಂತ, ಗ್ಯಾಸ್ ಸೋರಿಕೆಗೆ ಫೋನ್ ಮಾಡುವ ನಂಬರು. ಅದನ್ನು ಎಲ್ಲಿಂದ ತಿಳಿದರೋ. ಆ ನಂಬರನ್ನು ಬೆಳ್ಳಿ ಬಣ್ಣದ ಮೇಲೆ ಕೆಂಪಿನಲ್ಲಿ ಬರೆದಿದ್ದೇನೆ.

ಹೊಸ ಜಾಳಿಗೆಗೆ ಎಣ್ಣೆ ಸವರಿ ಮೂರು ಸಲ ಖಾಲಿ ಕಾಯಿಸಿ ಕಪ್ಪು ಮಾಡಿದೆವು. ಅಕ್ಟೋಬರಿನ ಒಂದು ಶುಕ್ರವಾರ ಅಸರ್ ಆದ ಮೇಲೆ ಗಾಡಿ ಬಸ್ ನಿಲ್ದಾಣದ ಹತ್ತಿರ ನಿಂತಿತು. ಹಚ್ಚುವುದು ನಾನು ಅಂತ ಮಾತಾಗಿತ್ತು. ಅಬ್ಬಾ ಮೊದಲು ಮೂರೂ ಪೈಪಿಗೆ ಟಾರ್ಚ್ ಬಿಟ್ಟು ನೋಡಿದರು. ನಾಬ್ ಮುಟ್ಟಿದರು, ಮಡಚದ ಬೆರಳಿಗೆ ಹಿಡಿತ ಸಿಗಲಿಲ್ಲ, ಎಡಗೈಗೆ ಬದಲಿಸಿದರು. ನಾನು ಕಡ್ಡಿ ಚಾಚಿದೆ. ಅವರು ನನ್ನ ಕೈಯಿಂದ ಕಡ್ಡಿ ಪೊಟ್ಟಣ ತೆಗೆದುಕೊಂಡು, "ಹಟ್" ಅಂತ ನನ್ನನ್ನು ಎರಡು ಹೆಜ್ಜೆ ಹಿಂದೆ ಕಳಿಸಿದರು. ಬೆಂಕಿ ಮೇಲೆ ಬಂತು, ಬರಬೇಕಾದ ಕಡೆಯೇ.

ಆವತ್ತಿನ ಲೆಕ್ಕ ಬರೆದಿಟ್ಟಿದ್ದೇನೆ. ಕೋಳಿ ನಾಲ್ಕು ಕೆಜಿ 880, ಮೊಸರು, ನಿಂಬೆ, ಮಸಾಲೆ 180, ಗ್ಯಾಸು ಅಂದಾಜು 120, ಈರುಳ್ಳಿ ಮತ್ತು ಎಲೆ ತಟ್ಟೆ 70. ಒಟ್ಟು 1,250. ಮಾರಿದ್ದು 34 ಪ್ಲೇಟು, 50ರಂತೆ 1,700. ಉಳಿದದ್ದು 450. ಪುಸ್ತಕ ಬೆಲೆಗೆ ರಿಪೇರಿ ಸೇರಿಸಿ, ಇನ್ನು ಮೂರು ವರ್ಷ ಬಾಳುತ್ತದೆ ಅಂದುಕೊಂಡರೆ ಸವಕಳಿ ದಿನಕ್ಕೆ ಎರಡೂಕಾಲು ರೂಪಾಯಿ. ರಿಪೇರಿ ಖರ್ಚನ್ನು ಹಾಗೆ ಪೂರ್ತಿ ಗ್ರಿಲ್ಲಿನ ಬೆಲೆಗೆ ಸೇರಿಸಬಹುದೇ ಅಂತ ಸರ್ ಹತ್ತಿರ ಕೇಳಿದೆ. ಬರ್ನರ್, ಜಾಳಿಗೆ ಸೇರಿಸು, ಬ್ರಷ್ಷು, ಬಸ್ಸು ಸೇರಿಸಬೇಡ ಅಂದರು. ಆಮೇಲೆ, "ಮುಂದಿನ ಶುಕ್ರವಾರ ಎಷ್ಟು ಹೊತ್ತಿಗೆ ಹಚ್ಚುತ್ತೀರಿ?" ಅಂತ ಕೇಳಿದರು.

ಈಗ ಅಬ್ಬಾ ಗೋದಾಮಿಗೆ ವಾರಕ್ಕೆ ಮೂರೇ ದಿನ ಹೋಗುತ್ತಾರೆ. ರಾತ್ರಿ ಗಾಡಿ ಮುಚ್ಚುವಾಗ ಮೂರೂ ಪೈಪಿನ ಬಾಯಿಗೆ ಅಮ್ಮಿ ಹೊಲಿದುಕೊಟ್ಟ ಬಟ್ಟೆಯ ಟೋಪಿ ಹಾಕುತ್ತಾರೆ, ಹುಳ ಬರದ ಹಾಗೆ. ಹಚ್ಚುವ ಮುಂಚೆ ಅದನ್ನು ಎಣಿಸಿ ತೆಗೆಯಬೇಕು, ಮೂರೂ ಕೈಗೆ ಬಂದ ಮೇಲೆಯೇ ಕಡ್ಡಿ. ಮೂರನೆಯ ಬರ್ನರ್ ಮಾತ್ರ ಎಡ ತುದಿಯಲ್ಲಿ ಸ್ವಲ್ಪ ಹಳದಿ ಉರಿಯುತ್ತಿದೆ. ಈ ಭಾನುವಾರ ಬಿಚ್ಚಬೇಕು.